ಸುಮ್ಮನಿದ್ದರೆ ಕೆಡುವ ಯಂತ್ರ: ಮನೆಯ ಇಂಕ್‌ಜೆಟ್ ಪ್ರಿಂಟರ್

ಹೆಚ್ಚಿನ ಯಂತ್ರಗಳು ಬಳಸಿದಷ್ಟೂ ಸವೆಯುತ್ತವೆ. ಹೊಲಿಗೆ ಯಂತ್ರ, ಸ್ಕೂಟರ್, ಮಿಕ್ಸಿ ಎಲ್ಲವೂ ಹೀಗೆಯೇ. ಮನೆಯ ಕಂಪ್ಯೂಟರ್ ಪಕ್ಕದಲ್ಲಿ ಕುಳಿತಿರುವ ಇಂಕ್‌ಜೆಟ್ ಪ್ರಿಂಟರ್ ಮಾತ್ರ ಇದಕ್ಕೆ ತದ್ವಿರುದ್ಧ. ಅದು ಬಳಕೆಯಿಂದ ಕೆಡುವುದಕ್ಕಿಂತ ಸುಮ್ಮನೆ ಕುಳಿತೇ ಹೆಚ್ಚಾಗಿ ಕೆಡುತ್ತದೆ. ಶಾಲಾ ಶಿಕ್ಷಕರಿಗಂತೂ ಈ ಸಂಗತಿ ಬಹಳ ಮುಖ್ಯ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂತಹ ಬಡಾವಣೆಗಳಲ್ಲಿ ಪ್ರಶ್ನೆಪತ್ರಿಕೆ, ಪ್ರಯೋಗದ ಟಿಪ್ಪಣಿ, ವಿಜ್ಞಾನ ಪ್ರದರ್ಶನದ ಚಿತ್ರಪಟಗಳನ್ನು ಮನೆಯಲ್ಲೇ ಮುದ್ರಿಸಿಕೊಳ್ಳುವ ಅಧ್ಯಾಪಕರು ಬಹಳ. ಮಾರ್ಚ್‌ವರೆಗೆ ಪ್ರಿಂಟರ್‌ಗೆ ಬಿಡುವಿಲ್ಲದ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಪೂರ್ಣ ವಿಶ್ರಾಂತಿ. ಜೂನ್‌ನಲ್ಲಿ ಶಾಲೆ ತೆರೆದಾಗ ಗುಂಡಿ ಒತ್ತಿದರೆ ಕಾಗದ ಹೊರಬರುತ್ತದೆ, ಅಕ್ಷರ ಬರುವುದಿಲ್ಲ. ದುರಸ್ತಿಯ ವೆಚ್ಚ ಹೊಸ ಪ್ರಿಂಟರಿನ ಬೆಲೆಯ ಸಮೀಪಕ್ಕೆ ಬಂದರೆ ಯಂತ್ರ ಮೂಲೆ ಸೇರುತ್ತದೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಪ್ರಿಂಟರಿನ ಒಳಗೆ ನಡೆಯುವುದೆಲ್ಲ ಪ್ರೌಢಶಾಲೆ ಮತ್ತು ಪಿಯುಸಿ ಭೌತಶಾಸ್ತ್ರವೇ: ಮೇಲ್ಮೈ ಎಳೆತ, ಸ್ನಿಗ್ಧತೆ, ಆವೀಕರಣ, ಕೇಶಾಕರ್ಷಣೆ. ಇವನ್ನು ತಿಳಿದುಕೊಂಡರೆ ನಿರ್ವಹಣೆಯ ನಿಯಮಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಅವು ತಾವಾಗಿಯೇ ಹೊಳೆಯುತ್ತವೆ.

ಹನಿ ಎಷ್ಟು ಸಣ್ಣದು?

ಇಂಕ್‌ಜೆಟ್ ಪ್ರಿಂಟರಿನಲ್ಲಿ ಶಾಯಿಯು ಸೂಕ್ಷ್ಮ ರಂಧ್ರಗಳಿಂದ ಹನಿಹನಿಯಾಗಿ ಚಿಮ್ಮಿ ಕಾಗದದ ಮೇಲೆ ಬೀಳುತ್ತದೆ. ಈ ರಂಧ್ರಕ್ಕೆ ನಾಜಲ್ ಎನ್ನುತ್ತಾರೆ. ನಾಜಲ್‌ಗಳ ಸಾಲನ್ನು ಹೊತ್ತು ಅತ್ತಿಂದಿತ್ತ ಓಡಾಡುವ ಭಾಗವೇ ಪ್ರಿಂಟ್‌ಹೆಡ್. ಒಂದು ಹನಿಯ ಗಾತ್ರ ಕೆಲವು ಪಿಕೊಲೀಟರ್ ಮಾತ್ರ. ಒಂದು ಪಿಕೊಲೀಟರ್ ಎಂದರೆ ಒಂದು ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ.

ಹನಿಯ ಗಾತ್ರ 4 ಪಿಕೊಲೀಟರ್ ಎಂದು ಹಿಡಿಯೋಣ. ಗೋಳದ ಗಾತ್ರದ ಸೂತ್ರವನ್ನು ಬಳಸಿದರೆ ಅದರ ವ್ಯಾಸ ಸುಮಾರು 20 ಮೈಕ್ರೋಮೀಟರ್, ಅಂದರೆ 0.02 ಮಿಲಿಮೀಟರ್ ಎಂದು ತಿಳಿಯುತ್ತದೆ. ಇದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಒಂದು ಮಿಲಿಲೀಟರ್ ಶಾಯಿಯಿಂದ ಇಂತಹ 25 ಕೋಟಿ ಹನಿಗಳನ್ನು ಮಾಡಬಹುದು. ಶಾಯಿ ತೊಟ್ಟಿಯ ಪ್ರಿಂಟರುಗಳಿಗೆ ಬರುವ 70 ಮಿಲಿಲೀಟರಿನ ಕಪ್ಪು ಶಾಯಿಯ ಬಾಟಲಿ ಸುಮಾರು 4000 ಪುಟಗಳಿಗೆ ಸಾಕಾಗುತ್ತದೆ ಎಂದಿಟ್ಟುಕೊಂಡರೆ, ಒಂದು ಪುಟಕ್ಕೆ ಖರ್ಚಾಗುವುದು 0.0175 ಮಿಲಿಲೀಟರ್. ಅಂದರೆ ನೀವು ಮುದ್ರಿಸುವ ಒಂದೊಂದು ಪುಟವೂ ಸುಮಾರು 44 ಲಕ್ಷ ಹನಿಗಳ ಮೊತ್ತ!

ನಾಜಲ್‌ನ ವ್ಯಾಸವೂ ಸುಮಾರು ಹನಿಯ ವ್ಯಾಸದಷ್ಟೇ. 20 ಮೈಕ್ರೋಮೀಟರಿನ ಬಾಯಿಯನ್ನು ಮುಚ್ಚಲು ಒಂದು ದೂಳಿನ ಕಣ ಅಥವಾ ಕಾಗದದ ನಾರಿನ ತುಣುಕು ಸಾಕು. ಶಾಯಿಯೇ ಒಣಗಿ ಕಟ್ಟಿದ ಸಣ್ಣ ಹೊಪ್ಪಳೆಯೂ ಸಾಕು. ಮುಂದೆ ಹೇಳುವ ಎಲ್ಲ ಎಚ್ಚರಿಕೆಗಳ ಮೂಲ ಈ ಒಂದು ಅಳತೆಯಲ್ಲಿದೆ.

ಹನಿಯನ್ನು ತಳ್ಳುವ ಎರಡು ಬಗೆ

ಮೊದಲನೆಯದು ಉಷ್ಣದ ಬಗೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ, ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಬೆಸುಗೆ ಕಡ್ಡಿ ತಗುಲಿ ಶಾಯಿ ಚಿಮ್ಮಿತೆಂದು ಪ್ರಸಿದ್ಧವಾಗಿದೆ. ಸ್ವಲ್ಪ ಕಾಲದ ನಂತರ ಅಮೆರಿಕದ ಎಚ್‌ಪಿ ಸಂಸ್ಥೆಯಲ್ಲಿ ಜಾನ್ ವಾಟ್ ಸ್ವತಂತ್ರವಾಗಿ ಇದೇ ತತ್ತ್ವವನ್ನು ತಲುಪಿದರು. 1984ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಥಿಂಕ್‌ಜೆಟ್‌ನಲ್ಲಿ ಇದ್ದದ್ದು 12 ನಾಜಲ್‌ಗಳು. ಇಂದಿನ ಸಾಧಾರಣ ಮನೆ ಪ್ರಿಂಟರಿನಲ್ಲಿ ನೂರಾರು ಇರುತ್ತವೆ.

ಈ ಬಗೆಯಲ್ಲಿ ಪ್ರತಿ ನಾಜಲ್‌ನ ಹಿಂದೆ ಅತಿ ಚಿಕ್ಕದೊಂದು ವಿದ್ಯುತ್ ರೋಧಕವಿರುತ್ತದೆ. ಅದರ ಮೂಲಕ ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಷ್ಟು ಕಾಲ ವಿದ್ಯುತ್ ಹರಿದಾಗ, ತಾಗಿಕೊಂಡಿರುವ ಶಾಯಿಯ ತೆಳುಪದರ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆಯಲ್ಲವೆ? ಹಾಗಿದ್ದರೆ ಇಲ್ಲಿ 300 ಡಿಗ್ರಿ ಹೇಗೆ? ಪಾತ್ರೆಯ ತಳದಲ್ಲಿ ಗುಳ್ಳೆ ಹುಟ್ಟಲು ಗೀರು, ಗಾಳಿಯ ಕಣ ಮುಂತಾದ ನೆಲೆಗಳೂ ಸಾಕಷ್ಟು ಸಮಯವೂ ಇರುತ್ತವೆ. ಮೈಕ್ರೋಸೆಕೆಂಡುಗಳಲ್ಲಿ ಕಾಯಿಸಿದಾಗ ಇವು ದೊರೆಯದೆ ನೀರು ದ್ರವವಾಗಿಯೇ ಅತಿತಾಪಕ್ಕೆ ಹೋಗಿ, ಒಮ್ಮೆಲೇ ಸ್ಫೋಟಿಸಿದಂತೆ ಆವಿಯಾಗುತ್ತದೆ. ಆ ಆವಿಗುಳ್ಳೆಯೇ ಹನಿಯನ್ನು ಹೊರದಬ್ಬುವ ಪಿಸ್ಟನ್.

ಇಲ್ಲಿ ಶಾಯಿಗೆ ಇನ್ನೊಂದು ಕೆಲಸವೂ ಇದೆ. ರೋಧಕದ ಶಾಖವನ್ನು ಹೊತ್ತೊಯ್ಯುವುದು ಅದೇ. ಆದ್ದರಿಂದ ಶಾಯಿ ಪೂರ್ತಿ ಮುಗಿದ ಕಾರ್ಟ್ರಿಜ್‌ನಿಂದ ಇನ್ನಷ್ಟು ಪುಟ ತೆಗೆಯಲು ಹಟ ಹಿಡಿದರೆ ರೋಧಕಗಳು ಸುಟ್ಟುಹೋಗುತ್ತವೆ. ಬಳಿಕ ಎಷ್ಟು ಶಾಯಿ ತುಂಬಿದರೂ ಪ್ರಯೋಜನವಿಲ್ಲ. ಅಕ್ಷರ ಮಸುಕಾದ ಕೂಡಲೇ ನಿಲ್ಲಿಸಿ ಶಾಯಿ ತುಂಬಿಸುವುದು ಲೇಸು.

ಎರಡನೆಯದು ದಾಬವಿದ್ಯುತ್ ಬಗೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುದಾವೇಶ ಉಂಟಾಗುತ್ತದೆ ಎಂದು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡರು. ಇದರ ವಿಲೋಮವೂ ನಿಜ. ವೋಲ್ಟೇಜ್ ಕೊಟ್ಟರೆ ಸ್ಫಟಿಕ ಬಾಗುತ್ತದೆ. ಎಪ್ಸನ್ ಪ್ರಿಂಟರುಗಳಲ್ಲಿ ಹೀಗೆ ಬಾಗುವ ಫಲಕವೇ ಶಾಯಿಯನ್ನು ತಳ್ಳುತ್ತದೆ. ಇಲ್ಲಿ ಸುಡುವ ಭಯವಿಲ್ಲ, ಆದರೆ ಗಾಳಿಯ ಭಯವಿದೆ. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ನೇರವಾಗಿ ನಾಜಲ್‌ಗೆ ತಲುಪುತ್ತದೆ. ನಡುವೆ ಗಾಳಿಗುಳ್ಳೆ ಸೇರಿದರೆ ಅದು ಸ್ಪ್ರಿಂಗಿನಂತೆ ಕುಗ್ಗಿ ತಳ್ಳುವಿಕೆಯನ್ನು ನುಂಗಿಬಿಡುತ್ತದೆ. ಶಾಯಿ ತೊಟ್ಟಿಯ ಮಟ್ಟವನ್ನು ಕೆಳಗೆರೆಗಿಂತ ಇಳಿಯಗೊಡಬಾರದು ಎನ್ನುವುದು ಇದಕ್ಕಾಗಿ.

ಶಾಯಿ ತಾನಾಗಿ ಏಕೆ ಸುರಿಯುವುದಿಲ್ಲ?

ನಾಜಲ್‌ಗಳು ಕೆಳಮುಖವಾಗಿವೆ, ಬಾಯಿ ತೆರೆದಿದೆ. ಆದರೂ ಶಾಯಿ ಸೋರುವುದಿಲ್ಲ. ಕಾರಣ ಮೇಲ್ಮೈ ಎಳೆತ. ಬಾಗಿದ ದ್ರವಮೇಲ್ಮೈ ತಡೆಹಿಡಿಯಬಲ್ಲ ಒತ್ತಡವು ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಶಾಯಿಯ ಮೇಲ್ಮೈ ಎಳೆತ ಮೀಟರಿಗೆ 0.035 ನ್ಯೂಟನ್, ತ್ರಿಜ್ಯ 10 ಮೈಕ್ರೋಮೀಟರ್ ಎಂದುಕೊಂಡರೆ ಉತ್ತರ 7000 ಪಾಸ್ಕಲ್. ಇದು ಸುಮಾರು 70 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಕಾರ್ಟ್ರಿಜ್‌ನ ಎತ್ತರ ಕೆಲವೇ ಸೆಂಟಿಮೀಟರ್. ಹೀಗಾಗಿ ಶಾಯಿ ನಿಂತಿರುತ್ತದೆ. ಆದರೆ ನಾಜಲ್ ತಟ್ಟೆಯ ಹೊರಮೈ ಶಾಯಿಯಿಂದ ತೊಯ್ದರೆ ಈ ಬಾಗು ಉಳಿಯುವುದಿಲ್ಲ. ಕಾರ್ಟ್ರಿಜ್‌ಗೆ ಮಿತಿಮೀರಿ ಶಾಯಿ ತುಂಬಿದಾಗ, ಅದನ್ನು ಜೋರಾಗಿ ಅಲುಗಾಡಿಸಿದಾಗ ಸೋರಿಕೆ ಶುರುವಾಗುವುದು ಹೀಗೆ. ಶಾಯಿ ತುಂಬುವಾಗ ನಿಧಾನವಾಗಿ, ಹೇಳಿದ ಪ್ರಮಾಣಕ್ಕಿಂತ ಸ್ವಲ್ಪ ಕಡಿಮೆಯೇ ತುಂಬಬೇಕು.

ಮಾರ್ಚ್‌ನ ಒಣ ಗಾಳಿ

ಶಾಯಿಯ ಹೆಚ್ಚಿನ ಭಾಗ ನೀರು. ಉಳಿದದ್ದು ಬಣ್ಣ ಅಥವಾ ವರ್ಣದ್ರವ್ಯ, ಗ್ಲಿಸರಾಲ್ ಮತ್ತು ಗ್ಲೈಕಾಲ್‌ನಂತಹ ತೇವ ಹಿಡಿದಿಡುವ ಪದಾರ್ಥಗಳು, ಮೇಲ್ಮೈ ಎಳೆತ ತಗ್ಗಿಸುವ ಹಾಗೂ ಬೂಷ್ಟು ತಡೆಯುವ ರಾಸಾಯನಿಕಗಳು. ನಾಜಲ್‌ನ ಬಾಯಿ ಗಾಳಿಗೆ ತೆರೆದುಕೊಂಡಾಗ ನೀರು ಆವಿಯಾಗುತ್ತದೆ, ಗ್ಲಿಸರಾಲ್ ಉಳಿಯುತ್ತದೆ. ಗ್ಲಿಸರಾಲಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಹಾಗಾಗಿ ಮೊದಲು ಶಾಯಿ ಮಂದವಾಗುತ್ತದೆ, ಆಮೇಲೆ ಅಂಟಾಗುತ್ತದೆ, ಕೊನೆಗೆ ಬಣ್ಣ ಗಟ್ಟಿಯಾಗಿ ಕುಳಿತುಬಿಡುತ್ತದೆ.

ಆವೀಕರಣದ ವೇಗ ಗಾಳಿಯ ತೇವವನ್ನು ಅವಲಂಬಿಸಿದೆ. ಬೆಂಗಳೂರಿನಲ್ಲಿ ಮಳೆಗಾಲದ ಬೆಳಗಿನ ಸಾಪೇಕ್ಷ ಆರ್ದ್ರತೆ ಶೇಕಡಾ 80ನ್ನು ದಾಟುತ್ತದೆ. ಮಾರ್ಚ್‌ನ ಮಧ್ಯಾಹ್ನ ಅದು ಶೇಕಡಾ 30ರ ಸಮೀಪಕ್ಕೆ ಇಳಿಯುತ್ತದೆ. ಗಾಳಿ ಪರ್ಯಾಪ್ತವಾಗಲು ಇರುವ ಕೊರತೆ ಮೊದಲಿನದರಲ್ಲಿ ಶೇಕಡಾ 20, ಎರಡನೆಯದರಲ್ಲಿ 70. ಅಂದರೆ ಉಷ್ಣತೆಯ ವ್ಯತ್ಯಾಸವನ್ನು ಬಿಟ್ಟರೂ ಬೇಸಿಗೆಯ ಶಾಯಿ ಮೂರೂವರೆ ಪಟ್ಟು ಬೇಗ ಒಣಗುತ್ತದೆ. ವರ್ಷದ ಅತಿ ಒಣ ವಾರಗಳು ಮುಗಿಯುವ ಮೊದಲೇ ಶಾಲೆಯ ರಜೆ ಆರಂಭವಾಗುತ್ತದೆ. ಜೂನ್‌ನಲ್ಲಿ ಪ್ರಿಂಟರ್ ಕೈಕೊಡುವುದರ ಗುಟ್ಟು ಇದೇ.

ಪರಿಹಾರ ಸರಳ. ವಾರಕ್ಕೊಮ್ಮೆ, ಕಡೇಪಕ್ಷ ಹತ್ತು ದಿನಕ್ಕೊಮ್ಮೆ, ಎಲ್ಲ ಬಣ್ಣಗಳೂ ಇರುವ ಒಂದು ಚಿಕ್ಕ ಪಟ್ಟಿಯನ್ನು ಮುದ್ರಿಸಿ. ಬರಿಯ ಕಪ್ಪು ಅಕ್ಷರಗಳ ಪುಟ ಸಾಲದು, ಏಕೆಂದರೆ ಆಗ ಬಣ್ಣದ ನಾಜಲ್‌ಗಳು ಒಣಗುತ್ತಲೇ ಇರುತ್ತವೆ. ಪ್ರಿಂಟರಿನಲ್ಲೇ ಇರುವ ನಾಜಲ್ ಪರೀಕ್ಷಾ ಪುಟ ಇದಕ್ಕೆ ತಕ್ಕದ್ದು. ಇದಕ್ಕೆ ತಗಲುವ ಶಾಯಿ ಅತ್ಯಲ್ಪ. ಕಟ್ಟಿಕೊಂಡ ಮೇಲೆ ಶುಚಿಗೊಳಿಸಲು ಬೇಕಾಗುವುದು ಅದರ ಎಷ್ಟೋ ಪಟ್ಟು.

ಆರಿಸುವ ಕ್ರಮ

ಕೆಲಸ ಮುಗಿದಾಗ ಪ್ರಿಂಟ್‌ಹೆಡ್ ಒಂದು ಬದಿಗೆ ಸರಿದು ರಬ್ಬರಿನ ಮುಚ್ಚಳದ ಮೇಲೆ ಕೂರುತ್ತದೆ. ನಾಜಲ್‌ಗಳಿಗೆ ಅದೇ ರಕ್ಷಣೆ. ಪ್ರಿಂಟರಿನ ಮೇಲಿರುವ ಗುಂಡಿಯನ್ನು ಒತ್ತಿ ಆರಿಸಿದರೆ ಮಾತ್ರ ಈ ಕ್ರಿಯೆ ಖಚಿತವಾಗಿ ನಡೆಯುತ್ತದೆ. ಮುದ್ರಣದ ನಡುವೆ ಗೋಡೆಯ ಸ್ವಿಚ್ಚನ್ನೇ ಆರಿಸಿದರೆ ಅಥವಾ ಕರೆಂಟ್ ಹೋದರೆ ಹೆಡ್ ದಾರಿಯಲ್ಲೇ ಬಾಯ್ತೆರೆದು ನಿಲ್ಲುತ್ತದೆ. ಅದನ್ನು ಹಾಗೆಯೇ ಬಿಟ್ಟು ಊರಿಗೆ ಹೋದರೆ ಹೆಡ್‌ನ ಕಥೆ ಮುಗಿದಂತೆ.

ಕರೆಂಟ್ ಬಂದ ಮೇಲೆ ಪ್ರಿಂಟರನ್ನು ಒಮ್ಮೆ ಹಾಕಿ, ಗುಂಡಿಯಿಂದಲೇ ಆರಿಸಿ. ಇಂಕ್‌ಜೆಟ್ ಬಳಸುವ ವಿದ್ಯುತ್ತು ಕೆಲವೇ ಹತ್ತು ವಾಟ್ ಆದ್ದರಿಂದ ಕಂಪ್ಯೂಟರಿನ ಯುಪಿಎಸ್‌ಗೆ ಜೋಡಿಸಲು ಅಡ್ಡಿಯಿಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಜೋಡಿಸಬೇಡಿ. ಅದರ ಶಾಖದ ಉರುಳೆ ನೂರಾರು ವಾಟ್ ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವುದು ಜಾಣತನ, ಆದರೆ ಮೊದಲು ಗುಂಡಿ, ದೀಪ ಆರಿದ ಮೇಲೆ ಪ್ಲಗ್.

ನಾಜಲ್ ಕಟ್ಟಿದಾಗ

ಮುದ್ರಿತ ಪುಟದಲ್ಲಿ ಬಿಳಿ ಗೆರೆಗಳು ಕಂಡರೆ ಮೊದಲು ನಾಜಲ್ ಪರೀಕ್ಷೆ ಮಾಡಿ. ತುಂಡಾದ ಗೆರೆಗಳಿದ್ದರೆ ಕಂಪ್ಯೂಟರಿನಿಂದ ಶುಚಿಗೊಳಿಸುವ ಆದೇಶ ಕೊಡಿ. ಆಗ ಒಂದು ಪಂಪು ನಾಜಲ್‌ಗಳಿಂದ ಶಾಯಿಯನ್ನು ಹೀರಿ ಕೆಳಗಿನ ಹೀರುಮೆತ್ತೆಗೆ ಹರಿಸುತ್ತದೆ. ಎರಡು ಮೂರು ಬಾರಿಗಿಂತ ಹೆಚ್ಚು ಒಂದೇ ಸಮನೆ ಮಾಡಬೇಡಿ. ಶಾಯಿ ವ್ಯರ್ಥವಾಗುವುದಲ್ಲದೆ ಮೆತ್ತೆಯೂ ತುಂಬುತ್ತದೆ. ಅದು ತುಂಬಿತೆಂದು ಲೆಕ್ಕ ಸಿಕ್ಕ ಕೂಡಲೇ ಹಲವು ಪ್ರಿಂಟರುಗಳು ಕೆಲಸವನ್ನೇ ನಿಲ್ಲಿಸುತ್ತವೆ. ಬದಲಿಗೆ ಪ್ರಿಂಟರನ್ನು ಆರಿಸಿ ಒಂದು ರಾತ್ರಿ ಬಿಡಿ. ಹೀರಿದಾಗ ಬಂದ ಹೊಸ ಶಾಯಿ ಒಣಗಿದ್ದನ್ನು ನಿಧಾನವಾಗಿ ಕರಗಿಸುತ್ತದೆ, ಗಾಳಿಗುಳ್ಳೆಗಳೂ ಮೇಲೇರುತ್ತವೆ. ಬೆಳಿಗ್ಗೆ ಮತ್ತೊಮ್ಮೆ ಪ್ರಯತ್ನಿಸಿ. ಇಲ್ಲಿ ತಾಳ್ಮೆಗೆ ಶಾಯಿಗಿಂತ ಹೆಚ್ಚು ಬೆಲೆ.

ಹೆಡ್ ಕಾರ್ಟ್ರಿಜ್‌ನಲ್ಲೇ ಇರುವ ಮಾದರಿಗಳಲ್ಲಿ ಕೈಯಿಂದಲೂ ಶುಚಿ ಮಾಡಬಹುದು. ನೂಲು ಬಿಡದ ಬಟ್ಟೆಯನ್ನು ಬೆಚ್ಚಗಿನ ಶುದ್ಧ ನೀರಿನಲ್ಲಿ ತೇವ ಮಾಡಿ, ನಾಜಲ್ ತಟ್ಟೆಯನ್ನು ಅದರ ಮೇಲೆ ಒಂದೆರಡು ನಿಮಿಷ ಇರಿಸಿ. ಉಜ್ಜಬೇಡಿ, ಸೂಜಿಯಿಂದ ಚುಚ್ಚಲೇಬೇಡಿ. ತಾಮ್ರ ಬಣ್ಣದ ಸಂಪರ್ಕ ಬಿಂದುಗಳನ್ನು ಬೆರಳಿನಿಂದ ಮುಟ್ಟಬಾರದು.

ಯಾವ ನೀರು ಎಂಬುದು ಮುಖ್ಯ. ಪಶ್ಚಿಮ ಬೆಂಗಳೂರಿನ ಅನೇಕ ಮನೆಗಳಲ್ಲಿ ಕಾವೇರಿ ನೀರಿನ ಜೊತೆ ಕೊಳವೆಬಾವಿಯ ನೀರೂ ಬಳಕೆಯಲ್ಲಿದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಶಾಯಿಯ ಬಣ್ಣದೊಂದಿಗೆ ಸೇರಿ ಕರಗದ ಲವಣವಾಗುತ್ತವೆ. ವರ್ಣದ್ರವ್ಯದ ಕಣಗಳನ್ನು ಗರಣೆ ಕಟ್ಟಿಸುತ್ತವೆ. ಸೋಪು ನೊರೆ ಬರದೆ ಗಷ್ಟಾಗುವುದೂ ಇದೇ ಕಾರಣದಿಂದ. ಶುಚಿ ಮಾಡಲು ಹೋಗಿ ಇನ್ನಷ್ಟು ಕಟ್ಟಿಸಿಕೊಳ್ಳುವ ಬದಲು, ಯುಪಿಎಸ್ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ಬಳಸಿ.

ಕಾಗದದ ಗುಣ

ಕಾಗದವೆಂದರೆ ನಾರುಗಳ ಬಲೆ. ನಾರುಗಳ ನಡುವಿನ ಸಂದುಗಳು ಕೇಶನಾಳಗಳಂತೆ ಶಾಯಿಯನ್ನು ಎಳೆದುಕೊಳ್ಳುತ್ತವೆ. ಈ ಎಳೆತವನ್ನು ಮಿತಿಯಲ್ಲಿಡಲು ಕಾರ್ಖಾನೆಯಲ್ಲಿ ಕಾಗದಕ್ಕೆ ನೀರು ಹೀರದ ಲೇಪ ಸೇರಿಸುತ್ತಾರೆ. ದಾಂಡೇಲಿಯ ಕಾಗದ ಕಾರ್ಖಾನೆಯಂತಹ ಕಡೆಗಳಲ್ಲಿ ತಯಾರಾಗುವ ಕಾಪಿಯರ್ ಕಾಗದಕ್ಕೂ ಸುದ್ದಿಪತ್ರಿಕೆಯ ಕಾಗದಕ್ಕೂ ಇರುವ ಮುಖ್ಯ ಅಂತರಗಳಲ್ಲಿ ಇದೊಂದು. ಅಕ್ಷರಗಳ ಪುಟಕ್ಕೆ ಸಾಧಾರಣ ಎ4 ಕಾಪಿಯರ್ ಕಾಗದ ಸಾಕು. ಬಣ್ಣದ ಚಿತ್ರಕ್ಕೆ ಲೇಪನವುಳ್ಳ ಕಾಗದ ಬೇಕು. ಪ್ರಿಂಟರಿಗೆ ನೀವು ಇಟ್ಟಿರುವ ಕಾಗದ ಯಾವುದೆಂದು ಮುದ್ರಣದ ಕಿಟಕಿಯಲ್ಲಿ ತಿಳಿಸಿ. ಅದಕ್ಕೆ ತಕ್ಕಂತೆ ಅದು ಹನಿಗಳ ಪ್ರಮಾಣವನ್ನು ಬದಲಿಸುತ್ತದೆ.

ಮಳೆಗಾಲದಲ್ಲಿ ತೆರೆದಿಟ್ಟ ಕಾಗದ ತೇವ ಹೀರಿ ಸುರುಳಿಯಾಗುತ್ತದೆ, ಒಟ್ಟಿಗೆ ಅಂಟಿಕೊಂಡು ಸಿಕ್ಕಿಕೊಳ್ಳುತ್ತದೆ. ಉಳಿದ ಹಾಳೆಗಳನ್ನು ಪೊಟ್ಟಣದಲ್ಲೇ ಮುಚ್ಚಿಡಿ, ಹಾಕುವ ಮುನ್ನ ಅಂಚನ್ನು ಬೀಸಣಿಗೆಯಂತೆ ಬಿಡಿಸಿ. ಸಿಕ್ಕಿದ ಹಾಳೆಯನ್ನು ಎರಡೂ ಕೈಗಳಿಂದ, ಕಾಗದ ಸಾಗುವ ದಿಕ್ಕಿನಲ್ಲೇ, ನಿಧಾನವಾಗಿ ಎಳೆಯಿರಿ. ಹರಿದ ಚೂರು ಒಳಗೆ ಉಳಿದರೆ ಹೆಡ್‌ಗೆ ಪೆಟ್ಟು. ಬಳಸದಿರುವಾಗ ಯಂತ್ರಕ್ಕೊಂದು ಬಟ್ಟೆಯ ಹೊದಿಕೆ ಇರಲಿ.

ಕನ್ನಡ ಅಕ್ಷರಗಳಿಗೆ ವಿಶೇಷ ಗಮನ

ಕನ್ನಡ ಲಿಪಿಯಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಕೂರುತ್ತವೆ. ‘ಸೂಕ್ಷ್ಮ’, ‘ರಾಷ್ಟ್ರ’ದಂತಹ ಪದಗಳಲ್ಲಿ ಎರಡೆರಡು ಒತ್ತುಗಳಿವೆ. 300 ಡಿಪಿಐ ಎಂದರೆ ಚುಕ್ಕೆಗಳ ನಡುವಿನ ಅಂತರ ಸುಮಾರು 85 ಮೈಕ್ರೋಮೀಟರ್, 600 ಡಿಪಿಐನಲ್ಲಿ 42. ಬಿದ್ದ ಹನಿ ಕಾಗದದಲ್ಲಿ ಒಂದಿಷ್ಟು ಹರಡುತ್ತದೆ ಕೂಡ. ಹರಡುವ ಕಾಗದದಲ್ಲಿ ಸಣ್ಣ ಅಕ್ಷರ ಮುದ್ರಿಸಿದರೆ ಒತ್ತಿನೊಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ಮಿತವ್ಯಯದ ಕ್ರಮದಲ್ಲಿ ಮುದ್ರಿಸಿದರೆ ಒತ್ತಿನ ಗೆರೆಯೇ ತುಂಡಾಗುತ್ತದೆ. ಅದರ ನೆರಳಚ್ಚು ತೆಗೆದಾಗ ದೋಷ ಇನ್ನೂ ಹೆಚ್ಚುತ್ತದೆ. ಪರೀಕ್ಷೆಯಲ್ಲಿ ಒತ್ತು ಕಾಣದ ಪದಕ್ಕೆ ಬೆಲೆ ತೆರುವವರು ವಿದ್ಯಾರ್ಥಿಗಳು. ಪ್ರಶ್ನೆಪತ್ರಿಕೆಯ ಮೂಲಪ್ರತಿಗೆ 12 ಪಾಯಿಂಟ್‌ಗಿಂತ ಸಣ್ಣ ಅಕ್ಷರ ಬೇಡ, ಸಾಮಾನ್ಯ ಗುಣಮಟ್ಟಕ್ಕಿಂತ ಕೆಳಗಿಳಿಯುವುದೂ ಬೇಡ. ಮಿತವ್ಯಯವನ್ನು ಕರಡುಪ್ರತಿಗೆ ಇಟ್ಟುಕೊಳ್ಳಿ.

ಇನ್ನೊಂದು ತೊಡಕು ಹಳೆಯ ಕಡತಗಳದು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಗಳು ಶಿಕ್ಷಕರ ಬಳಿ ಇನ್ನೂ ಸಾಕಷ್ಟಿವೆ. ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಸ್ವಂತ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಒಯ್ದರೆ ಅಕ್ಷರಶೈಲಿಯೂ ಕಡತದೊಳಗೇ ಸೇರಿಕೊಳ್ಳುತ್ತದೆ. ಹೊಸ ಬರವಣಿಗೆಗೆ ಯೂನಿಕೋಡನ್ನೇ ಬಳಸುವುದು ಒಳಿತು. ಮುದ್ರಿಸುವ ಮುನ್ನ ಪೂರ್ವವೀಕ್ಷಣೆ ನೋಡುವ ಅಭ್ಯಾಸ ಎಲ್ಲಕ್ಕಿಂತ ದೊಡ್ಡ ಉಳಿತಾಯ.

ತರಗತಿಯಲ್ಲಿ ಮಾಡಿ ನೋಡಿ

1. ಬಣ್ಣದ ಮುದ್ರಣವನ್ನು ಪ್ರಬಲ ಭೂತಗನ್ನಡಿಯಿಂದ ನೋಡಿ. ಹಸಿರು ಕಾಣುವಲ್ಲಿ ಹಸಿರು ಶಾಯಿ ಇಲ್ಲ, ಹಸಿರುನೀಲಿ ಮತ್ತು ಹಳದಿ ಚುಕ್ಕೆಗಳಿವೆ. ಬೆಳಕಿನ ವ್ಯವಕಲನ ಮಿಶ್ರಣಕ್ಕೆ ಇದಕ್ಕಿಂತ ಅಗ್ಗದ ನಿದರ್ಶನ ಬೇಕಿಲ್ಲ.

2. ಮುದ್ರಿಸಿದ ಕಪ್ಪು ಗೆರೆ ಮತ್ತು ಬಣ್ಣದ ಗೆರೆಗಳ ಮೇಲೆ ಒಂದೊಂದು ತೊಟ್ಟು ನೀರು ಹಾಕಿ. ಕರಗಿ ಹರಡಿದರೆ ಅದು ಬಣ್ಣ, ಅಲುಗದಿದ್ದರೆ ವರ್ಣದ್ರವ್ಯ. ಪ್ರಮಾಣಪತ್ರಗಳಿಗೆ ವರ್ಣದ್ರವ್ಯದ ಶಾಯಿಯೇ ತಕ್ಕದ್ದು.

3. ಒಂದೇ ಬಣ್ಣದ ಚಿತ್ರದ ಅರ್ಧವನ್ನು ರಟ್ಟಿನಿಂದ ಮುಚ್ಚಿ, ಒಂದು ತಿಂಗಳು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಪ್ರಯೋಗಾಲಯದ ಚಿತ್ರಪಟಗಳನ್ನು ಎಲ್ಲಿ ತೂಗುಹಾಕಬಾರದು ಎಂಬುದು ಮಕ್ಕಳಿಗೇ ತಿಳಿಯುತ್ತದೆ.

ಖರ್ಚಿನ ಲೆಕ್ಕ ಮತ್ತು ಆಯ್ಕೆ

ಪ್ರಿಂಟರಿನ ಬೆಲೆಗಿಂತ ಪುಟದ ಬೆಲೆ ಮುಖ್ಯ. ಕಾರ್ಟ್ರಿಜ್ ಅಥವಾ ಬಾಟಲಿಯ ಬೆಲೆಯನ್ನು ಅದರ ಮೇಲೆ ನಮೂದಿಸಿದ ಪುಟಗಳ ಸಂಖ್ಯೆಯಿಂದ ಭಾಗಿಸಿ. ಈ ಸಂಖ್ಯೆಯನ್ನು ಅಳೆಯಲು ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಆದರೆ ಅದು ಎಡೆಬಿಡದೆ ಮುದ್ರಿಸಿದಾಗ ಸಿಗುವ ಸಂಖ್ಯೆ. ಅಪರೂಪಕ್ಕೆ ಬಳಸುವವರ ಶಾಯಿಯ ಗಣನೀಯ ಭಾಗ ಶುಚಿಗೊಳಿಸುವಿಕೆಗೇ ಹೋಗುವುದರಿಂದ ಅವರಿಗೆ ಅಷ್ಟು ಪುಟ ಸಿಗುವುದಿಲ್ಲ. ತಿಂಗಳಿಗೆ ನೂರಾರು ಪುಟ ಮುದ್ರಿಸುವವರಿಗೆ ಶಾಯಿ ತೊಟ್ಟಿಯ ಮಾದರಿ ಅಗ್ಗ. ವರ್ಷಕ್ಕೆ ಎರಡು ಪರೀಕ್ಷೆಯ ಸಮಯದಲ್ಲಿ ಮಾತ್ರ ಕಪ್ಪು ಅಕ್ಷರ ಮುದ್ರಿಸುವವರಿಗೆ ಇಂಕ್‌ಜೆಟ್ ಬೇಡವೇ ಬೇಡ. ಒಣಪುಡಿಯನ್ನು ಬಳಸುವ ಲೇಸರ್ ಪ್ರಿಂಟರ್ ತಿಂಗಳುಗಟ್ಟಲೆ ಸುಮ್ಮನಿದ್ದರೂ ಕೆಡುವುದಿಲ್ಲ. ಒಣಗಲು ಅದರಲ್ಲಿ ನೀರೇ ಇಲ್ಲ!

ದುರಸ್ತಿಗೆ ಮೀರಿದ ಪ್ರಿಂಟರನ್ನು ಬೀದಿಯ ಕಸಕ್ಕೆ ಹಾಕಬೇಡಿ. 2022ರಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರ್ ಮತ್ತು ಅದರ ಕಾರ್ಟ್ರಿಜ್ ಎರಡೂ ಇವೆ. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಲ್ಲಿ ಕೆಲಸ ಆರಂಭಿಸಿದ ಇ-ಪರಿಸರ ದೇಶದ ಮೊದಮೊದಲ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದು. ಯಂತ್ರವನ್ನು ಅಧಿಕೃತ ಸಂಗ್ರಹಕಾರರಿಗೇ ಒಪ್ಪಿಸಬೇಕು.

ಆದರೆ ಆ ದಿನವನ್ನು ಮುಂದೂಡುವುದು ನಮ್ಮ ಕೈಯಲ್ಲಿದೆ. ಈ ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನ ನಾಜಲ್ ಪರೀಕ್ಷಾ ಪುಟವೊಂದನ್ನು ಮುದ್ರಿಸಿ, ಶಾಯಿಯ ಮಟ್ಟ ನೋಡಿ, ಗುಂಡಿಯಿಂದ ಆರಿಸಿ, ಹೊದಿಕೆ ಹಾಕಿ. ಮನೆಯಲ್ಲಿ ಉಳಿಯುವವರಿಗೆ ಅಥವಾ ಶಾಲೆಯ ಕಚೇರಿ ಸಿಬ್ಬಂದಿಗೆ ವಾರಕ್ಕೊಂದು ಬಣ್ಣದ ಪುಟ ಮುದ್ರಿಸುವ ಕೆಲಸ ಒಪ್ಪಿಸಿ. ವಾರಕ್ಕೆ ಎರಡು ನಿಮಿಷದ ಈ ಕೆಲಸದಿಂದ ಜೂನ್‌ನ ಮೊದಲ ಕಿರುಪರೀಕ್ಷೆಯ ಪತ್ರಿಕೆ ಒತ್ತಕ್ಷರ ಸಹಿತ ಸ್ಪಷ್ಟವಾಗಿ ಹೊರಬರುತ್ತದೆ.